ಪ್ರಿಂಟ್ ಖಣದ ಅಂಚಿಗೆ ‘ಪ್ರಿಂಟ್’ ಅಂತ ಬರೆಸಿ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಪತ್ರಿಕೆಯಲ್ಲಿ ಓದುಗರೊಬ್ಬರು ಬರೆದ ಪತ್ರ ಓದಿದೆ. ಬಿಸಿ ಒತ್ತಿ ಬಟ್ಟೆಗೆ ಚಿತ್ರ ಇಳಿಸುವ ಮಷೀನುಗಳು ಬಂದಮೇಲೆ ಗುಳೇದಗುಡ್ಡದ ಖಣ ಅನ್ನುವ ಕುಪ್ಪಸದ ಬಟ್ಟೆಗೂ ಇಳಕಲ್ ಸೀರೆಗೂ ಕುತ್ತು ಬಂದಿದೆ, ಜಿಲ್ಲೆಯಲ್ಲಿ ಇವುಗಳಿಗೆ ಲೈಸೆನ್ಸೇ ಕೊಡಬಾರದು ಅಂತ ಅವರು ಬರೆದಿದ್ದರು. ಅವರ ಸಿಟ್ಟು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ನನ್ನ ತವರು ಗುಳೇದಗುಡ್ಡ. ಅಪ್ಪ ಕುಣಿ ಮಗ್ಗದಲ್ಲಿ ಖಣ ನೇಯುತ್ತಿದ್ದರು, ಅವ್ವ ಕಂಡಿಕೆ ಸುತ್ತುತ್ತಿದ್ದಳು. ಮದುವೆಯಾಗಿ ಬಾಗಲಕೋಟೆಗೆ ಬಂದೆ. ಈಗ ನವನಗರದ ಒಂದು ಶೆಡ್ಡಿನಲ್ಲಿ ಅವರು ಹೇಳಿದ ಅದೇ ಮಷೀನು ಇಟ್ಟುಕೊಂಡಿದ್ದೇನೆ. ಆ ಕಡೆಯದ್ದೂ ಈ ಕಡೆಯದ್ದೂ ಗೊತ್ತಿರುವುದರಿಂದ ಈ ಪತ್ರ.

ಮಷೀನು ನಿಲ್ಲಿಸಿದರೆ ನೇಕಾರರಿಗೆ ಒಂದು ಪೈಸೆಯ ಉಪಯೋಗವೂ ಆಗುವುದಿಲ್ಲ. ಪ್ರಿಂಟ್ ಮಾಡಿದ್ದನ್ನು ನೇಯ್ದದ್ದು ಅಂತ ಮಾರುವುದನ್ನು ನಿಲ್ಲಿಸಿದರೆ ಆಗುತ್ತದೆ. ಅದಕ್ಕೆ ಖರ್ಚಿಲ್ಲದ ಒಂದು ದಾರಿ ಇದೆ. ಬಟ್ಟೆಯ ಅಂಚಿನ ಉದ್ದಕ್ಕೂ ‘ಪ್ರಿಂಟ್ – ಪಾಲಿಯೆಸ್ಟರ್’ ಅಂತ ಒಂದು ಸಾಲು. ಅಷ್ಟೇ ನನ್ನ ಬೇಡಿಕೆ. ಯಾಕೆ ಅಂತ ಹೇಳಬೇಕಾದರೆ ಮಷೀನು ಹೇಗೆ ಕೆಲಸ ಮಾಡುತ್ತದೆ ಅನ್ನುವುದನ್ನು ಸ್ವಲ್ಪ ಹೇಳಬೇಕು.

ಇದು ಬಟ್ಟೆಯ ಮೇಲೆ ನೇರವಾಗಿ ಬಣ್ಣ ಹಾಕುವುದಿಲ್ಲ. ಮೊದಲು ಚಿತ್ರವನ್ನು ಕಾಗದದ ರೋಲಿನ ಮೇಲೆ ಪ್ರಿಂಟ್ ಮಾಡುತ್ತೇವೆ, ಅದೂ ಎಡಬಲ ತಿರುಗಿಸಿ. ಕಾಗದದ ಮೇಲೆ ಬಣ್ಣ ಮಂಕಾಗಿ ಕಾಣುತ್ತದೆ. ಹೊಸಬರು ಬಂದರೆ ‘ಇಂಕು ಕೆಟ್ಟೈತೇನ್ರಿ’ ಅಂತ ಕೇಳುತ್ತಾರೆ. ಆಮೇಲೆ ಆ ಕಾಗದವನ್ನೂ ಬಿಳಿ ಪಾಲಿಯೆಸ್ಟರ್ ಬಟ್ಟೆಯನ್ನೂ ಮುಖಕ್ಕೆ ಮುಖ ಕೂಡಿಸಿ ಮಷೀನಿಗೆ ಕೊಡುತ್ತೇವೆ. ಒಳಗೆ ಒಂದು ದೊಡ್ಡ ಉಕ್ಕಿನ ಡ್ರಮ್ ಇದೆ, ಅದರೊಳಗೆ ಕಾದ ಎಣ್ಣೆ. ಡ್ರಮ್ಮಿನ ಸುತ್ತ ದಪ್ಪನೆಯ ಫೆಲ್ಟ್ ಪಟ್ಟಿ ಬಿಗಿಯಾಗಿ ಒತ್ತಿಕೊಂಡಿರುತ್ತದೆ. ಕಾಗದ ಮತ್ತು ಬಟ್ಟೆ ಈ ಎರಡರ ನಡುವೆ ನಿಧಾನಕ್ಕೆ ಸುತ್ತು ಹಾಕಿ ಆಚೆ ಬರುತ್ತವೆ. ಬಿಸಿ ಸುಮಾರು 200 ಡಿಗ್ರಿ, ಹೊತ್ತು ಮೂವತ್ತು ನಲವತ್ತು ಸೆಕೆಂಡು.

ಆ ಸ್ವಲ್ಪ ಹೊತ್ತಿನಲ್ಲಿ ಆಗುವುದು ನನಗೆ ಈಗಲೂ ಬೆರಗಿನ ವಿಷಯ. ಕರ್ಪೂರ ನೀರಾಗದೆ ನೇರ ಆವಿಯಾಗಿ ಹೋಗುತ್ತದೆ ನೋಡಿ, ಕಾಗದದ ಮೇಲಿನ ಬಣ್ಣವೂ ಹಾಗೇ ಆವಿಯಾಗುತ್ತದೆ. ಬಿಸಿಗೆ ಪಾಲಿಯೆಸ್ಟರ್ ಎಳೆ ಒಳಗಿಂದ ಸಡಿಲವಾಗಿರುತ್ತದೆ. ಬಣ್ಣದ ಆವಿ ಎಳೆಯೊಳಗೆ ಹೊಕ್ಕು ಕೂರುತ್ತದೆ. ತಣ್ಣಗಾದ ಕೂಡಲೇ ಎಳೆ ಮುಚ್ಚಿಕೊಳ್ಳುತ್ತದೆ. ಹಾಗಾಗಿಯೇ ಈ ಪ್ರಿಂಟ್ ಒಗೆದರೆ ಹೋಗುವುದಿಲ್ಲ, ಕೈಗೆ ತಾಗುವುದೂ ಇಲ್ಲ. ಫ್ರಾನ್ಸಿನ ನೋಯೆಲ್ ದ ಪ್ಲಾಸ್ ಎಂಬುವರು 1950ರ ದಶಕದಲ್ಲೇ ಈ ದಾರಿ ಕಂಡುಕೊಂಡಿದ್ದರು. ನಮ್ಮ ಕಡೆಗೆ ಬಂದದ್ದು ಮಾತ್ರ ಈಚೆಗೆ.

ಹತ್ತಿ ಬಟ್ಟೆಗೆ ಇದು ಹಿಡಿಯುವುದಿಲ್ಲ. ಹತ್ತಿಯ ಎಳೆ ಆ ಬಣ್ಣವನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಒಂದೆರಡು ಸಲ ಒಗೆದರೆ ಸಾಕು, ಬಣ್ಣ ಮಾಸಿಹೋಗುತ್ತದೆ. ರೇಷ್ಮೆಯದೂ ಅದೇ ಕಥೆ. ಹತ್ತಿಯ ಮೇಲೆ ಬಿಸಿ ಒತ್ತುವ ಬೇರೆ ವಿಧಾನ ಇದೆ. ಪ್ಲಾಸ್ಟಿಕ್ ಫಿಲ್ಮಿನ ಮೇಲೆ ಚಿತ್ರ ತೆಗೆದು, ಅಂಟಿನ ಪುಡಿ ಹಾಕಿ, ಬಟ್ಟೆಯ ಮೇಲೆ ಒತ್ತುವುದು. ಅದು ಎಳೆಯೊಳಗೆ ಇಳಿಯುವುದಿಲ್ಲ, ಮೇಲೆ ಅಂಟಿಕೊಂಡು ಕೂರುತ್ತದೆ. ಬೆರಳಾಡಿಸಿದರೆ ಗೊತ್ತಾಗುತ್ತದೆ. ಟೀ ಶರ್ಟಿನ ಎದೆ ಮೇಲಿನ ಚಿತ್ರಕ್ಕೆ ಅದು ಸರಿ. ಇಡೀ ಖಣಕ್ಕೆ ಆಗುವುದಿಲ್ಲ. ಆದ್ದರಿಂದ ಅಂಗಡಿಯಲ್ಲಿ ಬಿಸಿ ಪ್ರಿಂಟಿನ ‘ಖಣ’ ಕಂಡರೆ ಅದರಲ್ಲಿ ಪಾಲಿಯೆಸ್ಟರೇ ಹೆಚ್ಚು ಅಂತ ತಿಳಿಯಿರಿ. ಅಂಗಡಿಯವರು ‘ಕಾಟನ್ ಮಿಕ್ಸ್ ಐತ್ರಿ’ ಅಂದರೂ ಅಷ್ಟೇ.

ಮಷೀನಿನ ಕೆಲಸ ಸುಲಭ ಅಂತ ಯಾರೂ ತಿಳಿಯಬಾರದು. ಬಿಸಿ ಕಡಿಮೆಯಾದರೆ ಬಣ್ಣ ಪೇಲವ. ಜಾಸ್ತಿಯಾದರೆ ಬಟ್ಟೆ ಹಳದಿಯಾಗುತ್ತದೆ, ಗಟ್ಟಿಯಾಗಿ ಸುರುಟಿಕೊಳ್ಳುತ್ತದೆ. ಕಾಗದ ಒಂದು ಕಡೆ ನೆರಿಗೆ ಬಿದ್ದರೆ ಬಟ್ಟೆಯ ಮೇಲೆ ಬಿಳಿ ಗೆರೆ. ಮಳೆಗಾಲದಲ್ಲಿ ಕಾಗದ ತೇವ ಹಿಡಿದುಕೊಂಡು ಕಲೆ ಕಲೆ ಬರುತ್ತದೆ. ಎಲ್ಲಕ್ಕಿಂತ ಭಯ ಕರೆಂಟಿನದು. ನಡುವೆ ಕರೆಂಟು ಹೋಯಿತು ಅಂದರೆ ಡ್ರಮ್ ನಿಲ್ಲುತ್ತದೆ, ಬಿಸಿ ನಿಲ್ಲುವುದಿಲ್ಲ. ಫೆಲ್ಟ್ ಒಂದೇ ಜಾಗದಲ್ಲಿ ಸುಟ್ಟು ಕಪ್ಪಾಗುತ್ತದೆ. ಆಗ ಓಡಿಹೋಗಿ ಕೈಯಿಂದ ಹ್ಯಾಂಡಲ್ ತಿರುಗಿಸಬೇಕು. ಡ್ರಮ್ ತಣಿಯುವವರೆಗೂ ತಿರುಗಿಸುತ್ತಲೇ ಇರಬೇಕು. ನಮ್ಮ ಶೆಡ್ಡಿನಲ್ಲಿ ಕೆಲಸಕ್ಕೆ ಬರುವ ಹುಡುಗಿಯರಿಬ್ಬರೂ ನೇಕಾರರ ಮನೆಯ ಮಕ್ಕಳು. ಬೇಸಿಗೆಯ ಮಧ್ಯಾಹ್ನ ಆ ಹ್ಯಾಂಡಲ್ ತಿರುಗಿಸಿ ಅವರ ರಟ್ಟೆ ಬಿದ್ದುಹೋಗುತ್ತವೆ. ಲೈಸೆನ್ಸ್ ಕೊಡಬೇಡಿ ಅಂದವರಿಗೆ ಈ ಹುಡುಗಿಯರ ವಿಷಯವೂ ಗೊತ್ತಿರಲಿ. ಮಗ್ಗದ ಕೂಲಿ ಸಾಲದೆ ಅವರು ಇಲ್ಲಿ ಬಂದಿದ್ದಾರೆ. ಈ ಶೆಡ್ಡು ಮುಚ್ಚಿದರೆ ಅವರು ಮಗ್ಗಕ್ಕೆ ಮರಳುವುದಿಲ್ಲ, ಗುಳೆ ಹೋಗುತ್ತಾರೆ.

ನಮಗೆ ಹೆಚ್ಚು ಕೆಲಸ ಬರುವುದು ಕಬಡ್ಡಿ ಜೆರ್ಸಿಗಳಿಂದ, ಶಾಲೆಯ ಸ್ಪೋರ್ಟ್ಸ್ ಬಟ್ಟೆಯಿಂದ, ಜಾತ್ರೆಯ ಬಾವುಟಗಳಿಂದ. ಹೋಳಿ ಹುಣ್ಣಿಮೆ ಹತ್ತಿರ ಬಂದರೆ ಉಸಿರಾಡಲು ಪುರುಸೊತ್ತಿಲ್ಲ. ಬಾಗಲಕೋಟೆಯ ಹೋಳಿ ಹೇಗಿರುತ್ತದೆ ಅಂತ ನಿಮ್ಮ ಓದುಗರಿಗೆ ನಾನು ಹೇಳಬೇಕಾಗಿಲ್ಲ. ಓಣಿ ಓಣಿಯ ಹುಡುಗರಿಗೂ ಅವರವರ ಓಣಿಯ ಹೆಸರಿನ ಶರ್ಟ್ ಬೇಕು. ಇದ್ಯಾವುದೂ ಯಾವ ನೇಕಾರನ ಅನ್ನವನ್ನೂ ಕಸಿಯುವ ಕೆಲಸ ಅಲ್ಲ. ಜೆರ್ಸಿಯನ್ನು ಮಗ್ಗದಲ್ಲಿ ಯಾರೂ ನೇಯುತ್ತಿರಲಿಲ್ಲ.

ತಕರಾರು ಇರುವುದು ಖಣ ಮತ್ತು ಸೀರೆಯ ವಿಷಯದಲ್ಲಿ. ಅಲ್ಲಿ ಆ ಓದುಗರು ಬರೆದದ್ದು ನಿಜ.

ಬನಶಂಕರಿ ಜಾತ್ರೆಯಲ್ಲಿ ಒಂದು ಅಂಗಡಿಯಲ್ಲಿ ನೋಡಿದ್ದನ್ನು ಹೇಳುತ್ತೇನೆ. ‘ಒರಿಜಿನಲ್ ಗುಳೇದಗುಡ್ಡ ಖಣ’ ಅಂತ ಬೋರ್ಡು ಹಾಕಿದ್ದರು. ಕಡುಗೆಂಪು ಮೈ, ಹಸಿರು ದಡಿ, ಮೈತುಂಬ ತೇರಿನ ಹೂವು. ದೂರದಿಂದ ಬಹಳ ಚಂದ. ಕೈಗೆ ತೆಗೆದುಕೊಂಡು ಬಿಸಿಲಿಗೆ ಹಿಡಿದೆ. ಒಂದು ಹೂವಿನ ಎಡಗಡೆ ಸಣ್ಣದೊಂದು ಗಂಟು ಕಂಡಿತು. ಎಳೆ ಹರಿದಾಗ ನೇಕಾರರು ಎರಡು ತುದಿ ಹೊಸೆದು ಹಾಕುತ್ತಾರಲ್ಲ, ಆ ಗಂಟು. ಬೆರಳಿಂದ ಮುಟ್ಟಿದರೆ ಅಲ್ಲಿ ಗಂಟಿಲ್ಲ! ಬರೀ ಚಿತ್ರ. ಗೇಣುದ್ದ ಬಿಟ್ಟು ನೋಡಿದರೆ ಇನ್ನೊಂದು ಹೂವಿನ ಎಡಗಡೆ ಅದೇ ಗಂಟು. ಮತ್ತೆ ಗೇಣು ಬಿಟ್ಟರೆ ಮತ್ತೆ ಅದೇ. ಇಡೀ ಥಾನಿನಲ್ಲಿ ಆ ಒಂದೇ ಗಂಟು ಸಾಲಾಗಿ ಬಂದಿತ್ತು. ಯಾರೋ ನೇಯ್ದ ಖಣವೊಂದನ್ನು ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ಪಕ್ಕ ಪಕ್ಕ ಜೋಡಿಸಿ, ಕಾಗದಕ್ಕೆ ಹೊಡೆದು, ಬಿಸಿ ಒತ್ತಿದ್ದಾರೆ. ಆ ಗಂಟು ಹಾಕಿದ ಕೈ ಗುಳೇದಗುಡ್ಡದ ಯಾವ ಮನೆಯದೋ. ಅವರಿಗೆ ಇದರಿಂದ ಒಂದು ರೂಪಾಯಿಯೂ ಸಿಕ್ಕಿಲ್ಲ. ಅವರ ಊರಿನ ಹೆಸರು ಮಾತ್ರ ಬೋರ್ಡಿನ ಮೇಲಿತ್ತು.

ನನಗೆ ಕಣ್ಣಲ್ಲಿ ನೀರು ಬಂತು. ಪಕ್ಕದಲ್ಲೇ ಒಬ್ಬ ತಾಯಿ ಮಗಳ ಸೀಮಂತಕ್ಕೆ ಉಡಿ ತುಂಬಲು ಅಂತ ಅದೇ ಖಣ ಆರಿಸುತ್ತಿದ್ದರು. ‘ಗುಳೇದಗುಡ್ಡದ್ದೇ ಆಗಬೇಕು’ ಅಂತ ಕೇಳಿ ಕೇಳಿ ತೆಗೆದುಕೊಂಡರು. ನೇಕಾರನಿಗೆ ಸೇರಬೇಕಾದ ದುಡ್ಡನ್ನು ಕೊಡಲು ಸಿದ್ಧವಾಗಿಯೇ ಬಂದ ಗಿರಾಕಿ ಅವರು. ಆ ದುಡ್ಡು ದಾರಿ ತಪ್ಪಿತು.

ಇಂಥ ಬಟ್ಟೆ ನಮ್ಮ ಜಿಲ್ಲೆಯ ಸಣ್ಣ ಶೆಡ್ಡುಗಳಲ್ಲಿ ಆಗುವುದು ಕಡಿಮೆ. ನಾನು ಕಣ್ಣಾರೆ ನೋಡಿದ ಬೇಲುಗಳ ಮೇಲೆ ಸೂರತ್ತಿನ ಟ್ರಾನ್ಸ್‌ಪೋರ್ಟ್ ಚೀಟಿ ಇತ್ತು. ಪಾಲಿಯೆಸ್ಟರ್ ಬಟ್ಟೆಯ ದೊಡ್ಡ ಪೇಟೆ ಅದು. ಬಾಗಲಕೋಟೆಯಲ್ಲಿ ಲೈಸೆನ್ಸ್ ನಿಲ್ಲಿಸಿದರೆ ಅಲ್ಲಿಯ ಡ್ರಮ್ಮುಗಳು ನಿಲ್ಲುತ್ತವಾ? ಇಲ್ಲ ಅಲ್ವಾ? ಅದಕ್ಕೇ ನಾನು ಹೇಳುವುದು, ಎಲ್ಲಿಯೇ ಪ್ರಿಂಟ್ ಆಗಲಿ, ಇಲ್ಲಿ ಮಾರುವಾಗ ಅದರ ಮೈಮೇಲೆ ನಿಜ ಬರೆದಿರಬೇಕು.

ಬರೆಯುವುದು ಎಷ್ಟು ಸುಲಭ ಗೊತ್ತಾ? ಡಿಸೈನ್ ಫೈಲಿನ ಅಂಚಿನಲ್ಲಿ ಅರ್ಧ ಇಂಚಿನ ಪಟ್ಟಿ ಬಿಟ್ಟು ಅಕ್ಷರ ಕೂಡಿಸಿದರೆ ಆಯಿತು. ಚಿತ್ರದ ಜೊತೆಗೇ ಕಾಗದಕ್ಕೆ ಬರುತ್ತದೆ, ಕಾಗದದಿಂದ ಬಟ್ಟೆಗೆ ಬರುತ್ತದೆ. ಬೇರೆ ಇಂಕು ಬೇಡ, ಬೇರೆ ಕೂಲಿ ಬೇಡ, ಬೇರೆ ಮಷೀನು ಬೇಡ. ಬಣ್ಣ ಎಳೆಯೊಳಗೆ ಕೂರುವುದರಿಂದ ಅಕ್ಷರವನ್ನು ಒಗೆದು ತೆಗೆಯಲೂ ಆಗುವುದಿಲ್ಲ. ಪ್ಯಾಂಟಿನ ಬಟ್ಟೆ ಕೊಳ್ಳುವಾಗ ಅಂಚಿನಲ್ಲಿ ಕಂಪನಿಯ ಹೆಸರು ನೋಡಿಯೇ ಕೊಳ್ಳುವುದು ನಮಗೆಲ್ಲ ರೂಢಿ. ಇದೂ ಹಾಗೇ ಆಗಲಿ. ಚೀಟಿ ಅಂಟಿಸಿದರೆ ಸಾಲದು. ಚೀಟಿ ಕಿತ್ತರೆ ಹೋಯಿತು. ಸೆರಗಿನ ಕೊನೆಗೆ ಒಂದೇ ಕಡೆ ಬರೆದರೂ ಸಾಲದು, ಕತ್ತರಿಸಿ ಬಿಡುತ್ತಾರೆ. ಉದ್ದಕ್ಕೂ ಗೇಣಿಗೊಮ್ಮೆ ಬರಬೇಕು. ಆಗ ಒಂದೇ ಒಂದು ಕುಪ್ಪಸಕ್ಕಾಗುವಷ್ಟು ಹರಿದರೂ ಆ ತುಂಡಿನಲ್ಲಿ ಸಾಲು ಇದ್ದೇ ಇರುತ್ತದೆ.

ನಮ್ಮ ಶೆಡ್ಡಿನಲ್ಲಿ ಖಣದ ಮಾದರಿಯ ಬಟ್ಟೆಗೆ ಮೊದಲಿಂದಲೂ ಈ ಸಾಲು ಹಾಕುತ್ತೇವೆ. ಇದನ್ನು ನೋಡಿ ಬೇರೆ ಊರಿನ ವ್ಯಾಪಾರಿಯೊಬ್ಬರು ಹೇಳಿದ ಮಾತನ್ನು ಇದ್ದದ್ದು ಇದ್ದ ಹಾಗೇ ಬರೆಯುತ್ತೇನೆ.

“ಅಕ್ಕಾರ, ಎಲ್ಲಾ ಚಲೋ ಬಂದೈತಿ. ಅಂಚಿನಾಗಿನ ಆ ಸಾಲೊಂದು ತೆಗೆದು ಕೊಡ್ರಿ.”

“ಯಾಕ್ರಿ? ಹೊಲಿಗಿ ಹಾಕಿದ್ರ ಅದು ಒಳಗ ಹೋಗ್ತೈತಿ. ಯಾರಿಗೂ ಕಾಣಂಗಿಲ್ಲ.”

“ಹೊಲಿದ ಮ್ಯಾಲಿನ ಚಿಂತಿ ಅಲ್ರಿ ನಂದು. ಕೊಳ್ಳಾಕಿ ನೋಡಿಬಿಡ್ತಾಳಲ್ರಿ!”

ನಾನು ತೆಗೆಯಲಿಲ್ಲ. ಅವರು ಆರ್ಡರ್ ಬೇರೆ ಕಡೆ ಕೊಟ್ಟರು. ಒಬ್ಬಳೇ ಸಾಲು ಹಾಕಿದರೆ ಆಗುವುದು ಇಷ್ಟೇ, ಕೆಲಸ ಪಕ್ಕದವರಿಗೆ ಹೋಗುತ್ತದೆ. ಎಲ್ಲರಿಗೂ ಒಂದೇ ನಿಯಮ ಆದರೆ ಯಾರಿಗೂ ನಷ್ಟವಿಲ್ಲ. ಅದಕ್ಕಾಗಿಯೇ ಸರಕಾರ ನಡುವೆ ಬರಬೇಕು ಅಂತ ಕೇಳುತ್ತಿದ್ದೇನೆ.

ಕಾನೂನು ಇಲ್ಲವೇ ಅಂದರೆ, ಇದೆ. ಕೈಮಗ್ಗಕ್ಕೆ ಕೆಲವು ಬಟ್ಟೆಗಳನ್ನು ಮೀಸಲಿಟ್ಟ ಕಾನೂನು 1985ರದು. ಆದರೆ ಅದು ಹೇಳುವುದು ಯಾವುದನ್ನು ವಿದ್ಯುತ್ ಮಗ್ಗದಲ್ಲಿ ನೇಯಬಾರದು ಅಂತ. ನಮ್ಮ ಮಷೀನು ನೇಯುವುದೇ ಇಲ್ಲವಲ್ಲ. ಇಳಕಲ್ ಸೀರೆಗೂ ಗುಳೇದಗುಡ್ಡದ ಖಣಕ್ಕೂ ಜಿಐ ಟ್ಯಾಗ್, ಅಂದರೆ ಊರಿನ ಹೆಸರಿಗೆ ಕಾನೂನಿನ ರಕ್ಷಣೆ, ಸಿಕ್ಕಿದೆ. 1999ರ ಜಿಐ ಕಾನೂನಿನ ಪ್ರಕಾರ ಆ ಹೆಸರನ್ನು ಸುಳ್ಳು ಸುಳ್ಳಾಗಿ ಹಾಕಿ ಮಾರಿದರೆ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ ಇದೆ. ಶಿಕ್ಷೆ ಸಣ್ಣದಲ್ಲ. ಆದರೆ ಜಾತ್ರೆಯ ಅಂಗಡಿಯಲ್ಲಿ ನಿಂತು ಇದು ನೇಯ್ದದ್ದೋ ಪ್ರಿಂಟೋ ಅಂತ ಹೇಳುವವರು ಯಾರು? ಅಂಚಿನಲ್ಲಿ ಸಾಲು ಕಡ್ಡಾಯವಾದರೆ ತಪಾಸಣೆಗೆ ಬಂದವರಿಗೂ ಸುಲಭ. ಸಾಲಿಲ್ಲದ ಪ್ರಿಂಟ್ ಬಟ್ಟೆ ಕಂಡರೆ ಅಲ್ಲೇ ಕೇಳಬಹುದು.

ಅಲ್ಲಿಯವರೆಗೆ ಕೊಳ್ಳುವ ಅಕ್ಕ ತಂಗಿಯರು ಕೆಲವು ವಿಷಯ ನೋಡಿಕೊಳ್ಳಿ. ಮೊದಲು ಬಟ್ಟೆ ತಿರುವಿ ಹಾಕಿ. ಬಿಸಿ ಪ್ರಿಂಟ್ ಒಂದೇ ಮುಖಕ್ಕೆ ಇಳಿಯುತ್ತದೆ, ಹಿಂಬದಿ ಬೆಳ್ಳಗೆ ಅಥವಾ ಪೇಲವವಾಗಿರುತ್ತದೆ. ನೇಯ್ದ ಖಣದಲ್ಲಿ ಹೂವು ಹಾಸಿನ, ಅಂದರೆ ಉದ್ದಕ್ಕೆ ಹೋಗುವ, ಎಳೆಗಳಿಂದಲೇ ಏಳುತ್ತದೆ. ಹೂವಿಲ್ಲದ ಕಡೆ ಆ ಎಳೆಗಳು ಹಿಂಬದಿಗೆ ಸರಿದಿರುತ್ತವೆ. ಉಗುರು ಆಡಿಸಿದರೆ ಸಿಗುತ್ತವೆ. ಇಳಕಲ್ ಸೀರೆಯಾದರೆ ಮೈ ಮತ್ತು ಸೆರಗು ಕೂಡುವ ಜಾಗ ನೋಡಿ. ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ ಮಾಡಿಕೊಂಡು, ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸಿರುತ್ತಾರೆ. ಟೋಪ ತೆನಿ ಅಂತ ನಮ್ಮ ಕಡೆ ಹೆಸರಾದದ್ದು ಅದೇ. ಆ ಕೂಡಿಕೆ ಬೆರಳಿಗೆ ತಾಗುತ್ತದೆ. ಪ್ರಿಂಟಿನಲ್ಲಿ ಸೆರಗಿನ ಕೆಂಪು ಬಿಳಿ ತೆನೆಯ ಚಿತ್ತಾರ ಎಲ್ಲ ಬರುತ್ತದೆ, ಕೂಡಿಕೆ ಮಾತ್ರ ಬರುವುದಿಲ್ಲ. ಇನ್ನೂ ಸಂಶಯ ಇದ್ದರೆ ಅಂಚಿನಿಂದ ಒಂದು ಎಳೆ ಕಿತ್ತು ಇಕ್ಕಳದಲ್ಲಿ ಹಿಡಿದು ಕಡ್ಡಿ ಗೀರಿ ನೋಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಮೆತ್ತನೆ ಬೂದಿ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ, ಉಗುರಿನಿಂದ ಒತ್ತಿದರೂ ಪುಡಿಯಾಗುವುದಿಲ್ಲ.

ಮೋಸ ಹೋದರೆ ಬಿಲ್ಲು ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಬಿಲ್ಲಿನಲ್ಲಿ ‘ಕೈಮಗ್ಗದ ಖಣ’ ಅಂತ ಬರೆಸಿಕೊಳ್ಳುವುದು ಮರೆಯಬೇಡಿ. ಬರೆಯಲು ಅಂಗಡಿಯವರು ಹಿಂದೆ ಮುಂದೆ ನೋಡಿದರೆ ಅಲ್ಲೇ ನಿಮಗೆ ಉತ್ತರ ಸಿಕ್ಕ ಹಾಗೆ.

ಇದು ದುಡ್ಡಿನ ಮೋಸ ಮಾತ್ರ ಅಂದುಕೊಳ್ಳಬೇಡಿ. ನನಗೆ ಅದಕ್ಕಿಂತ ದೊಡ್ಡ ಚಿಂತೆ ಬೆಂಕಿಯದು. ಪಾಲಿಯೆಸ್ಟರ್ 250–260 ಡಿಗ್ರಿಗೆ ಕರಗುತ್ತದೆ. ನಮ್ಮ ಡ್ರಮ್ 200ರಲ್ಲಿ ಓಡುತ್ತದೆ. ಇನ್ನೊಂದು ಐವತ್ತು ಅರವತ್ತು ಡಿಗ್ರಿ ಏರಿದರೆ ಬಟ್ಟೆ ಬಟ್ಟೆಯಾಗಿ ಉಳಿಯುವುದಿಲ್ಲ. ಒಲೆಯ ಉರಿ ಇದಕ್ಕಿಂತ ಎಷ್ಟೋ ಪಟ್ಟು ಬಿಸಿ. ಹತ್ತಿಯೂ ಬೆಂಕಿ ಹಿಡಿಯುತ್ತದೆ ನಿಜ, ಆದರೆ ಪಾಲಿಯೆಸ್ಟರ್ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ, ಕಿತ್ತು ತೆಗೆಯಲು ಆಗುವುದಿಲ್ಲ. ನಮ್ಮ ಕಡೆ ಹೆಣ್ಣುಮಕ್ಕಳು ದಿನಾ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಾರೆ. ಖಣದ ಕುಪ್ಪಸ, ಇಳಕಲ್ ಸೀರೆ ಉಟ್ಟುಕೊಂಡೇ ಬಡಿಯುತ್ತಾರೆ. ಹತ್ತಿ ಅಂತ ನಂಬಿ ಪಾಲಿಯೆಸ್ಟರ್ ಸೆರಗು ಹೊದ್ದು ಒಲೆ ಮುಂದೆ ಬಗ್ಗಿದವಳಿಗೆ ತಾನು ಏನು ಉಟ್ಟಿದ್ದೇನೆ ಅಂತ ಗೊತ್ತಿರಬೇಡವೇ? ಬೇಸಿಗೆಯ ಸಂಕಟ ಬೇರೆ. ಹತ್ತಿ ತನ್ನ ತೂಕದ ಸುಮಾರು ಶೇ 8ರಷ್ಟು ತೇವವನ್ನು ಗಾಳಿಯಿಂದಲೇ ಹಿಡಿದಿಟ್ಟುಕೊಳ್ಳುತ್ತದೆ. ಪಾಲಿಯೆಸ್ಟರ್ ಹಿಡಿಯುವುದು ಶೇ 0.4ರಷ್ಟು. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಹೊಲಕ್ಕೆ ಹೋಗುವವರ ಬೆನ್ನು ಈ ಲೆಕ್ಕ ಕೇಳದೆಯೇ ಹೇಳುತ್ತದೆ.

ಪ್ರಿಂಟ್ ಬಟ್ಟೆಯನ್ನು ಪ್ರಿಂಟ್ ಅಂತಲೇ ಗೊತ್ತಿದ್ದು ಕೊಳ್ಳುವವರೂ ಇದ್ದಾರೆ. ಅದರಲ್ಲಿ ತಪ್ಪಿಲ್ಲ. ಕಡಿಮೆ ಬೆಲೆ, ಬೇಗ ಒಣಗುತ್ತದೆ, ಬಣ್ಣ ಬಿಡುವುದಿಲ್ಲ. ಶಾಲೆಯ ಡ್ಯಾನ್ಸಿಗೆ ನಲವತ್ತು ಮಕ್ಕಳಿಗೆ ಖಣದ ಲಂಗ ಹೊಲಿಸಬೇಕಾದ ಟೀಚರ್ ಕೈಮಗ್ಗದ್ದೇ ತರಲಿ ಅಂದರೆ ಹೇಗೆ? ಅವರಿಗೆ ನಾವು ಸಂತೋಷದಿಂದ ಮಾಡಿಕೊಡುತ್ತೇವೆ, ಅಂಚಿನ ಸಾಲಿನ ಸಮೇತ.

ಜಿಲ್ಲಾಡಳಿತಕ್ಕೆ, ಕೈಮಗ್ಗ ಮತ್ತು ಜವಳಿ ಇಲಾಖೆಗೆ ನನ್ನ ವಿನಂತಿ ಇಷ್ಟು. ಖಣ ಮತ್ತು ಇಳಕಲ್ ಮಾದರಿಯ ಪ್ರಿಂಟ್ ಬಟ್ಟೆಗೆ ಅಂಚಿನ ಸಾಲು ಕಡ್ಡಾಯ ಮಾಡಲು ಸರಕಾರಕ್ಕೆ ಬರೆಯಿರಿ. ಆದೇಶ ಬರುವವರೆಗೆ ಕನಿಷ್ಠ ಬನಶಂಕರಿ ಜಾತ್ರೆಯಲ್ಲಿ, ಸರಕಾರಿ ಮೇಳಗಳಲ್ಲಿ ಅಂಗಡಿ ಹಾಕುವವರಿಗೆ ಈ ಷರತ್ತು ಇಡಿ. ಆಗಸ್ಟ್ 7ರಂದು ರಾಷ್ಟ್ರೀಯ ಕೈಮಗ್ಗ ದಿನ ಮಾಡುತ್ತೀರಿ, 2015ರಿಂದ ನಡೆದು ಬಂದಿದೆ. ಆ ದಿನ ಹಾರ, ಶಾಲು, ಭಾಷಣ ಮುಗಿದ ಮೇಲೆ ಒಂದು ಟೇಬಲ್ ಹಾಕಿ. ನೇಯ್ದ ಖಣ ಒಂದು, ಪ್ರಿಂಟ್ ಖಣ ಒಂದು ಇಡಿ. ಬಂದ ಹೆಣ್ಣುಮಕ್ಕಳು ತಿರುವಿ ನೋಡಲಿ, ಉಗುರು ಆಡಿಸಿ ನೋಡಲಿ. ನೇಕಾರರನ್ನು ವೇದಿಕೆಯ ಮೇಲೆ ಸುಮ್ನೆ ಕೂರಿಸುವ ಬದಲು ಆ ಟೇಬಲ್ ಮುಂದೆ ನಿಲ್ಲಿಸಿ. ಪ್ರಿಂಟ್ ಖಣದ ತುಂಡುಗಳನ್ನು ನಾನು ತಂದುಕೊಡುತ್ತೇನೆ.

ನನ್ನ ಹಾಗೆ ಮಷೀನು ಇಟ್ಟುಕೊಂಡ ಬಾಗಲಕೋಟೆ, ಇಳಕಲ್, ರಬಕವಿ-ಬನಹಟ್ಟಿಯ ಅಣ್ಣ ತಮ್ಮಂದಿರಿಗೂ ಒಂದು ಮಾತು. ಆದೇಶಕ್ಕೆ ಕಾಯಬೇಡಿ. ಅಂಚಿನ ಸಾಲಿನ ಫೈಲ್ ನನ್ನ ಹತ್ತಿರ ಸಿದ್ಧ ಇದೆ, ಖಣದ ಅಗಲಕ್ಕೊಂದು, ಸೀರೆಯ ಅಗಲಕ್ಕೊಂದು. ಅಕ್ಷರ ಕನ್ನಡದಲ್ಲೂ ಇದೆ, ಮರಾಠಿಯಲ್ಲೂ ಇದೆ, ಯಾಕೆಂದರೆ ನಮ್ಮ ಖಣ ಸೊಲ್ಲಾಪುರ, ಕೊಲ್ಲಾಪುರದ ಕಡೆಗೂ ಹೋಗುತ್ತದೆ. ಕಾಗದಕ್ಕೆ ಹೊಡೆಯುವ ಮುಂಚೆ ಅಕ್ಷರವನ್ನೂ ಚಿತ್ರದ ಜೊತೆ ತಿರುಗಿಸಿದ್ದೀರಾ ನೋಡಿಕೊಳ್ಳಿ, ಇಲ್ಲದಿದ್ದರೆ ಬಟ್ಟೆಯ ಮೇಲೆ ಉಲ್ಟಾ ಬರುತ್ತದೆ. ಪೆನ್‌ಡ್ರೈವ್ ತಂದರೆ ಹಾಕಿಕೊಡುತ್ತೇನೆ, ದುಡ್ಡು ಬೇಡ.

ಇಂತಿ ನಿಮ್ಮ ಓದುಗರಲ್ಲೊಬ್ಬಳು,
ಬಟ್ಟೆ ಪ್ರಿಂಟಿಂಗ್ ಘಟಕ ನಡೆಸುವವಳು,
ನವನಗರ, ಬಾಗಲಕೋಟೆ